ಇನ್‌ಸ್ಟಾಲ್ ಕೈಪಿಡಿಯಲ್ಲಿ ಡಿಸ್ಕ್ ಲೇಬಲ್: ಅಳಿಸಿಹೋದ ಒಂದು ಲೇಬಲ್ ವಾಪಸ್ ತಂದು ಬರೆದ ಅಧ್ಯಾಯ

ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪೆನ್‌ಡ್ರೈವ್ ತಯಾರಿ, ಕೀಬೋರ್ಡ್, ನೆಟ್‌ವರ್ಕ್, ಪಾಸ್‌ವರ್ಡ್ ಇದೆಲ್ಲ ಸಲೀಸಾಗಿ ಮುಗಿಯಿತು. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳೇ ಕಡಿಮೆ. ಬಹುಪಾಲು ಕಡೆ ಎಂಟರ್ ಒತ್ತಿದರೆ ಕೆಲಸ ಆಗುತ್ತದೆ. ಬರವಣಿಗೆ ನಿಂತಿದ್ದು ಡಿಸ್ಕ್ ಲೇಬಲ್, ಅಂದರೆ ಡಿಸ್ಕ್‌ನ ಭಾಗಗಳ ನಕ್ಷೆ, ಬಂದಾಗ.

ಜನ ಕೈಯಿಂದ ಕೈಗೆ ದಾಟಿಸುವ ಟಿಪ್ಪಣಿಗಳಲ್ಲಿ ಈ ಜಾಗದಲ್ಲಿ ಇರುವುದು ಒಂದೇ ಸಾಲು: 'ಆಟೋ ಲೇಔಟ್ ಬೇಕಾ ಅಂತ ಕೇಳುತ್ತದೆ, ಎ ಒತ್ತಿ ಮುಂದೆ ಹೋಗಿ.' ಹೌದು, ಎ ಒತ್ತಿದರೆ ಇನ್‌ಸ್ಟಾಲ್ ಆಗುತ್ತದೆ. ಆದರೆ ಡಿಸ್ಕ್ ಕೈಕೊಟ್ಟ ದಿನ ಏನು ಎಲ್ಲಿದೆ ಎಂದು ಆ ಓದುಗನಿಗೆ ಗೊತ್ತಿರುವುದಿಲ್ಲ. ಲೇಬಲ್ ಡಿಸ್ಕ್‌ನಲ್ಲಿ ಎಲ್ಲಿ ಕೂತಿದೆ, ಅದರ ನಕಲು ಎಲ್ಲಿ ಸಿಗುತ್ತದೆ, ಈ ಎರಡು ವಿಷಯ ಇನ್‌ಸ್ಟಾಲ್ ಕೈಪಿಡಿಯಲ್ಲೇ ಇರಬೇಕು. ರಿಪೇರಿ ಕೈಪಿಡಿ ಅಂತ ಬೇರೆ ಬರೆದರೆ ಅದನ್ನು ಯಾರೂ ಮುಂಚೆ ಓದುವುದಿಲ್ಲ. ಅಧ್ಯಾಯ ಅರ್ಧ ಆಗಿದ್ದಾಗ ಒಂದು ನಿಜವಾದ ಕೇಸೇ ಬಂತು. ಕೆಳಗಿರುವುದು ಆ ರಿಪೇರಿ, ಮತ್ತು ಅದರಿಂದ ಅಧ್ಯಾಯ ಹೇಗೆ ಬದಲಾಯಿತು ಅನ್ನುವುದು.

(ಕಮಾಂಡ್‌ಗಳನ್ನು ಇಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹಾಗಂತಲೇ ಹೇಳಿದ್ದೇನೆ.)

ಎರಡು ಪದರ

ಮೊದಲು ಇದು ಗೊತ್ತಿರಬೇಕು. ಎಂಬಿಆರ್ (ಪಿಸಿಯ ಹಳೇ ಬಗೆಯ ಬೂಟ್ ದಾಖಲೆ) ಇರುವ ಪಿಸಿ ಡಿಸ್ಕ್‌ನಲ್ಲಿ ಸೆಕ್ಟರ್ 0ರಲ್ಲಿ, ಅಂದರೆ ಮೊದಲ 512 ಬೈಟ್‌ನ ತುಂಡಿನಲ್ಲಿ, ಒಂದು ಪಟ್ಟಿ ಇರುತ್ತದೆ. ಅದರಲ್ಲಿ ನಾಲ್ಕೇ ನಾಲ್ಕು ಜಾಗ. ಓಪನ್‌ಬಿಎಸ್‌ಡಿ ಅದರಲ್ಲಿ ಒಂದನ್ನು ತೆಗೆದುಕೊಂಡು ಎ6 ಎಂಬ ಗುರುತು ಹಾಕುತ್ತದೆ. ಫ್ರೀಬಿಎಸ್‌ಡಿಗೆ ಎ5, ನೆಟ್‌ಬಿಎಸ್‌ಡಿಗೆ ಎ9. ಇಷ್ಟು ಎಫ್‌ಡಿಸ್ಕ್ ಎಂಬ ಕಮಾಂಡ್‌ನ ಕೆಲಸ. ಆ ಎ6 ಜಾಗದ ಒಳಗಡೆ ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಡಿಸ್ಕ್ ಲೇಬಲ್. ಎಫ್‌ಡಿಸ್ಕ್ ತೋರಿಸುವುದು ಸೈಟಿನ ಗಡಿಕಲ್ಲು, ಲೇಬಲ್ ತೋರಿಸುವುದು ಮನೆಯೊಳಗಿನ ಕೋಣೆಗಳ ನಕ್ಷೆ.

ಎರಡು ಪದರ ಯಾಕೆ? ಲೇಬಲ್ ಹುಟ್ಟಿದ್ದು ಪಿಸಿಗಾಗಿ ಅಲ್ಲ. ಬರ್ಕ್ಲಿಯ ಯೂನಿಕ್ಸ್‌ನಲ್ಲಿ ಮೊದಲು ಪಾರ್ಟಿಷನ್‌ಗಳ (ಡಿಸ್ಕ್‌ನ ಒಂದೊಂದು ಭಾಗದ) ಗಾತ್ರಗಳನ್ನು ಡಿಸ್ಕ್ ಡ್ರೈವರ್ ಒಳಗೇ ಬರೆದಿಡುತ್ತಿದ್ದರು. ಬೇರೆ ಡಿಸ್ಕ್ ಬಂದರೆ ಡ್ರೈವರ್ ತಿದ್ದಬೇಕು. 1988ರ 4.3ಬಿಎಸ್‌ಡಿ-ಟಾಹೋದಲ್ಲಿ ಆ ಮಾಹಿತಿಯನ್ನು ಡಿಸ್ಕ್ ಮೇಲೇ ಬರೆಯುವ ಪದ್ಧತಿ ಬಂತು. ಆ ಯಂತ್ರಗಳಲ್ಲಿ ಎಂಬಿಆರ್ ಅನ್ನುವುದೇ ಇರಲಿಲ್ಲ. ಬಿಎಸ್‌ಡಿ ಮುಂದೆ ಪಿಸಿಗೆ ಬಂದಾಗ ಅಲ್ಲಿ ಡಾಸ್ ಕಾಲದ ನಾಲ್ಕು ಜಾಗದ ಪಟ್ಟಿ ಆಗಲೇ ಇತ್ತು. ಅದನ್ನು ಮುಟ್ಟದೆ, ಅದರ ಒಂದು ಜಾಗದೊಳಗೆ ಲೇಬಲ್ ಕೂರಿಸಿದರು. ಅದೇ ಇವತ್ತಿಗೂ ನಡೆಯುತ್ತಿದೆ.

ಲೇಬಲ್ ಕೂತಿರುವುದು ಎ6 ಜಾಗದ ಎರಡನೇ ಸೆಕ್ಟರ್‌ನಲ್ಲಿ. ಎ6 ಸಾಮಾನ್ಯವಾಗಿ ಸೆಕ್ಟರ್ 64ರಿಂದ ಶುರು. ಅಂದರೆ ಲೇಬಲ್ ಸೆಕ್ಟರ್ 65ರಲ್ಲಿ. ಇದನ್ನು ಸುಮ್ನೆ ನಂಬಬೇಡಿ, ನೋಡಿಬಿಡಿ. ಡಿಸ್ಕ್‌ನಲ್ಲಿರುವುದನ್ನು ಹಾಗೇ ನಕಲು ಮಾಡುವ ಡಿಡಿ ಕಮಾಂಡ್‌ನಿಂದ 65 ಸೆಕ್ಟರ್ ಬಿಟ್ಟು ಮುಂದಿನ ಒಂದನ್ನು ಓದಿ, ಬೈಟ್‌ಗಳನ್ನು ಅಂಕಿಗಳಾಗಿ ತೋರಿಸುವ ಹೆಕ್ಸ್‌ಡಂಪ್‌ಗೆ ಕೊಡಿ. ಮೊದಲ ನಾಲ್ಕು ಬೈಟ್ ಹೀಗೆ ಕಾಣಬೇಕು:

57 45 56 82

ಇದು ಲೇಬಲ್‌ನ ಗುರುತು ಸಂಖ್ಯೆ 0x82564557. ಬೈಟ್‌ಗಳು ಹಿಂದುಮುಂದಾಗಿ ಕೂತಿವೆ, ಅಷ್ಟೇ. ಬಲಗಡೆ ಅಕ್ಷರಗಳ ಕಾಲಂನಲ್ಲಿ ಡಬ್ಲ್ಯೂ, ಇ, ವಿ ಎಂದು ಕಾಣುತ್ತದೆ. ಅದೇ ಸಂಖ್ಯೆ ಸ್ವಲ್ಪ ಮುಂದೆ ಇನ್ನೊಮ್ಮೆ ಬರುತ್ತದೆ. ಜೊತೆಗೆ ಒಂದು ಚೆಕ್‌ಸಮ್ (ತಪ್ಪು ಹಿಡಿಯುವ ಲೆಕ್ಕ) ಇದೆ. ಎರಡು ಗುರುತು ಮತ್ತು ಚೆಕ್‌ಸಮ್ ಕೂಡಿಬಂದರೆ ಮಾತ್ರ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅದನ್ನು ಲೇಬಲ್ ಎಂದು ಒಪ್ಪುತ್ತದೆ. ಇಡೀ ನಕ್ಷೆ 512 ಬೈಟ್‌ನ ಆ ಒಂದೇ ಸೆಕ್ಟರ್‌ನಲ್ಲಿ ಮುಗಿಯುತ್ತದೆ. ಪಕ್ಕದಲ್ಲಿ ಇನ್ನೊಂದು ನಕಲು ಇಲ್ಲ.

ಬಂದ ಕೇಸ್

ಶಿವಮೊಗ್ಗದಲ್ಲಿ ಗೆಳೆಯರೊಬ್ಬರು ಚಿಕ್ಕದೊಂದು ಕಂಪ್ಯೂಟರ್ ತರಗತಿ ನಡೆಸುತ್ತಾರೆ. ಅಲ್ಲಿ ಒಂದು ಹಳೇ ಪಿಸಿ ಫೈರ್‌ವಾಲ್ ಆಗಿತ್ತು, ಮಕ್ಕಳ ಫೈಲ್‌ಗಳೂ ಅದರಲ್ಲೇ. 80 ಜಿಬಿ ಡಿಸ್ಕ್, 2018ರಲ್ಲಿ ಬಂದ ಓಪನ್‌ಬಿಎಸ್‌ಡಿ 6.4. ಅಲ್ಲಿ ಕೆಲಸ ಮಾಡುವ ಹುಡುಗ ಹೊಸ ಡಿಸ್ಕ್ ಹಾಕಿ, ಅದರಲ್ಲಿ ಎನ್‌ಕ್ರಿಪ್ಟ್ ಆದ ಇನ್‌ಸ್ಟಾಲ್ ಮಾಡಲು ಹೊರಟಿದ್ದ. ಅದಕ್ಕೆ ಮುಂಚೆ ಹೊಸ ಡಿಸ್ಕ್‌ನ ಮೊದಲ 1 ಎಂಬಿ ಸೊನ್ನೆ ಮಾಡುವುದು ಸರಿಯಾದ ಕ್ರಮವೇ. ಎಲ್ಲೋ ಸಿಕ್ಕ ಟಿಪ್ಪಣಿಯಲ್ಲಿ ಡಿಸ್ಕ್‌ನ ಹೆಸರು ಉದಾಹರಣೆಗೆ ಎಸ್‌ಡಿ0 ಎಂದಿತ್ತು. ಅವನ ಯಂತ್ರದಲ್ಲಿ ಎಸ್‌ಡಿ0 ಹಳೇ ಡಿಸ್ಕ್, ಎಸ್‌ಡಿ1 ಹೊಸದು. ಟಿಪ್ಪಣಿಯಲ್ಲಿದ್ದದ್ದನ್ನೇ ಟೈಪ್ ಮಾಡಿದ.

'ಸಾರ್, ಮೆಷಿನ್ ಬೂಟೇ ಆಗ್ತಿಲ್ಲ. ಎಫ್‌ಡಿಸ್ಕ್ ಹಾಕಿದ್ರೆ ಹಳೇ ಡಿಸ್ಕ್ ಪೂರ್ತಿ ಖಾಲಿ ಅಂತಿದೆ' ಎಂದು ಫೋನ್ ಮಾಡಿದ.

'ಇನ್ನೇನೂ ಟೈಪ್ ಮಾಡಬೇಡ ಕಣಪ್ಪ. ಪವರ್ ತೆಗೆದು ಡಿಸ್ಕ್ ಬಿಚ್ಚಿ ತಗೊಂಡು ಬಾ' ಎಂದೆ.

ಕಳೆದುಹೋದ ಲೇಬಲ್ ಹುಡುಕಲು ಓಪನ್‌ಬಿಎಸ್‌ಡಿಯಲ್ಲೇ ಒಂದು ಉಪಕರಣ ಇದೆ: ಸ್ಕ್ಯಾನ್ ಅಂಡರ್‌ಸ್ಕೋರ್ ಎಫ್‌ಎಫ್‌ಎಸ್. ಅದರ ಮ್ಯಾನ್ ಪೇಜ್ (ಜೊತೆಗೇ ಬರುವ ವಿವರಣೆ) ನನಗೆ ಬಹಳ ಇಷ್ಟ. ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದೇ ಗಾಬರಿಯಾಗುವುದು. ಹೇಗೂ ಆಗುತ್ತೀರಿ, ಯಂತ್ರದಿಂದ ದೂರ ಹೋಗಿ ಗಾಬರಿಯಾಗಿ ಬನ್ನಿ ಎನ್ನುತ್ತದೆ. ಎರಡನೆಯದು, ಹಳೇ ಲೇಬಲ್ ಪ್ರಿಂಟಲ್ಲೋ ಬ್ಯಾಕಪ್‌ನಲ್ಲೋ ಸಿಗುತ್ತದಾ ಎಂದು ಹುಡುಕುವುದು. ಡಿಸ್ಕ್ ಮುಟ್ಟುವುದು ಅದಾದ ಮೇಲೆ. ಈ ಕ್ರಮದಲ್ಲಿ ಅನುಭವ ಇದೆ.

ಏನು ಹೋಯಿತು, ಏನು ಉಳಿಯಿತು

1 ಎಂಬಿ ಅಂದರೆ 2048 ಸೆಕ್ಟರ್. ಸೆಕ್ಟರ್ 0ರ ಎಂಬಿಆರ್ ಹೋಯಿತು. ಸೆಕ್ಟರ್ 65ರ ಲೇಬಲ್ ಹೋಯಿತು. ಸೆಕ್ಟರ್ 64ರಿಂದ ಶುರುವಾಗುವ ರೂಟ್ (ಸಿಸ್ಟಂನ ಮೂಲ) ಪಾರ್ಟಿಷನ್‌ನ ತಲೆಯೂ ಹೋಯಿತು. ಆದರೆ ಅದರಾಚೆ ಇರುವ ಒಂದು ಬೈಟ್ ಕೂಡ ಬದಲಾಗಿಲ್ಲ. ಮಕ್ಕಳ ಫೈಲ್‌ಗಳೆಲ್ಲ ಇದ್ದಲ್ಲೇ ಇವೆ. ಎಲ್ಲಿವೆ ಎಂದು ಹೇಳುವವರಿಲ್ಲ, ಅಷ್ಟೇ.

ನನ್ನ ಓಪನ್‌ಬಿಎಸ್‌ಡಿ ಯಂತ್ರಕ್ಕೆ ಯುಎಸ್‌ಬಿ ಅಡಾಪ್ಟರ್‌ನಲ್ಲಿ ಡಿಸ್ಕ್ ಸಿಕ್ಕಿಸಿದೆ. ಎಸ್‌ಡಿ1 ಎಂದು ಬಂತು. ಲೇಬಲ್ ಇಲ್ಲದ ಡಿಸ್ಕ್‌ಗೂ ಕರ್ನಲ್ ತನ್ನ ಮೆಮೊರಿಯಲ್ಲಿ ಒಂದು ತಾತ್ಕಾಲಿಕ ಲೇಬಲ್ ಮಾಡಿಕೊಳ್ಳುತ್ತದೆ. ಅದರಲ್ಲಿ ಸಿ ಅಂದರೆ ಯಾವಾಗಲೂ ಇಡೀ ಡಿಸ್ಕ್. ಹಾಗಾಗಿ ಎಸ್‌ಡಿ1ರ ಸಿ, ಅಂದರೆ ಆರ್‌ಎಸ್‌ಡಿ1ಸಿ ಮೂಲಕ ಎಲ್ಲವನ್ನೂ ಓದಬಹುದು. ಮೊದಲು ಡಿಡಿಯಿಂದ ಇಡೀ ಡಿಸ್ಕ್‌ನ ನಕಲು ಬೇರೆ ಡಿಸ್ಕ್‌ಗೆ ಇಳಿಸಿದೆ. 80 ಜಿಬಿ ತಾನೇ, ರಾತ್ರಿ ಬಿಟ್ಟರೆ ಬೆಳಗ್ಗೆ ಆಗಿರುತ್ತದೆ. ಈ ಹೆಜ್ಜೆ ಮಾತ್ರ ಬಿಡಲೇಬಾರದು.

ಆಮೇಲೆ ಸ್ಕ್ಯಾನ್. ಇದು ಹೇಗೆ ಹುಡುಕುತ್ತದೆ ಅಂದರೆ, ಓಪನ್‌ಬಿಎಸ್‌ಡಿ ಫೈಲ್‌ಗಳನ್ನು ಜೋಡಿಸಿಡಲು ಬಳಸುವ ಪ್ರತಿ ಎಫ್‌ಎಫ್‌ಎಸ್ ಫೈಲ್‌ಸಿಸ್ಟಂಗೂ ಒಂದು ಸೂಪರ್‌ಬ್ಲಾಕ್, ಅಂದರೆ ತನ್ನದೇ ವಿವರ ಬರೆದ ತುಂಡು, ಇರುತ್ತದೆ. ಹಳೇ ಎಫ್‌ಎಫ್‌ಎಸ್1ನಲ್ಲಿ ಅದು ಪಾರ್ಟಿಷನ್ ಶುರುವಿನಿಂದ 16ನೇ ಸೆಕ್ಟರ್‌ನಲ್ಲಿ. ಅದರ ಮೊದಲ ನಕಲು, ಮಾಮೂಲಿ 16 ಕೆಬಿ ಬ್ಲಾಕ್ ಇದ್ದರೆ, 32ನೇ ಸೆಕ್ಟರ್‌ನಲ್ಲಿ. ಸೂಪರ್‌ಬ್ಲಾಕ್ ಒಳಗೆ 011954 ಎಂಬ ಗುರುತು ಸಂಖ್ಯೆ. ಎಫ್‌ಎಫ್‌ಎಸ್ ಬರೆದ ಕಿರ್ಕ್ ಮೆಕ್ಯೂಸಿಕ್ ಹುಟ್ಟಿದ ದಿನ ಅದು: 1954ರ ಜನವರಿ 19. ಆ ಗುರುತು 16 ಸೆಕ್ಟರ್ ಅಂತರದಲ್ಲಿ ಎರಡು ಸಲ ಕಂಡರೆ, ಎರಡನೆಯದರಿಂದ 32 ಸೆಕ್ಟರ್ ಹಿಂದೆ ಹೋದರೆ ಪಾರ್ಟಿಷನ್‌ನ ಶುರು. ಫೈಲ್‌ಸಿಸ್ಟಂ ಗಾತ್ರ ಮತ್ತು ಅದು ಕೊನೆಯ ಸಲ ಎಲ್ಲಿ ಮೌಂಟ್ ಆಗಿತ್ತು (ಯಾವ ಫೋಲ್ಡರ್ ಆಗಿ ಸೇರಿತ್ತು) ಅನ್ನುವುದೂ ಸೂಪರ್‌ಬ್ಲಾಕ್‌ನಲ್ಲೇ ಬರೆದಿರುತ್ತದೆ.

ಸಿಕ್ಕಿದ್ದರಲ್ಲಿ ಮೊದಲ ಮೂರು, ಮುಖ್ಯ ಅಂಕಿಗಳಷ್ಟೇ ಕೊಡುತ್ತೇನೆ (ಅಳತೆ ಸೆಕ್ಟರ್‌ಗಳಲ್ಲಿ):

/ಟಿಎಂಪಿ: ಶುರು 10485824, ಗಾತ್ರ 8388608
/ವಾರ್: ಶುರು 18874432, ಗಾತ್ರ 20971520
/ಯುಎಸ್‌ಆರ್: ಶುರು 39845952, ಗಾತ್ರ 20971520

ಕೂಡಿಸಿ ನೋಡಿ. ಒಂದರ ಶುರುವಿಗೆ ಗಾತ್ರ ಸೇರಿಸಿದರೆ ಮುಂದಿನದರ ಶುರು ಬರುತ್ತದೆ. ನಡುವೆ ಸಂದಿಯೇ ಇಲ್ಲ. ಹೀಗೆ ಕೂಡಿಬಂದಾಗ ಸಿಕ್ಕಿದ್ದು ನಿಜವಾದ ಲೇಔಟ್ ಎಂದು ಧೈರ್ಯ ಬರುತ್ತದೆ. ಯಾಕೆಂದರೆ ಡಿಸ್ಕ್‌ನಲ್ಲಿ ಇನ್ನೊಂದು /ವಾರ್ ಕೂಡ ಸಿಕ್ಕಿತ್ತು, ಈಗಿನ /ಹೋಮ್ ಜಾಗದ ಮಧ್ಯದಲ್ಲಿ. ಅದು ಇದಕ್ಕೂ ಹಿಂದಿನ ಇನ್‌ಸ್ಟಾಲ್‌ನ ಉಳಿಕೆ. ತಾರೀಖು ತುಂಬ ಹಳೇದು, ಅಂಕಿ ಯಾವುದಕ್ಕೂ ಕೂಡುವುದಿಲ್ಲ. ಡಿಸ್ಕ್ ಹಳೇದಾದಷ್ಟೂ ಇಂಥವು ಜಾಸ್ತಿ.

ಮೊದಲು ಸಿಕ್ಕಿದ್ದು 10485824ರಲ್ಲಿ. ಅಂದರೆ 64 ಸೆಕ್ಟರ್ ಬಿಟ್ಟರೆ ಸರಿಯಾಗಿ 5 ಜಿಬಿ. ಆ 5 ಜಿಬಿಯಲ್ಲಿ ರೂಟ್ ಮತ್ತು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಇರಬೇಕು. ರೂಟ್‌ನ ಸೂಪರ್‌ಬ್ಲಾಕ್, ಅದರ ಮೊದಲ ನಕಲು ಎರಡೂ ಸೊನ್ನೆಯಾದ ಜಾಗದಲ್ಲಿದ್ದವು. ಸ್ವಾಪ್‌ನಲ್ಲಿ ಸೂಪರ್‌ಬ್ಲಾಕ್ ಇರುವುದೇ ಇಲ್ಲ. ಒಂದು ಮತ್ತು ನಾಲ್ಕಾ, ಎರಡು ಮತ್ತು ಮೂರಾ? ಸ್ಕ್ಯಾನ್‌ನಿಂದ ಗೊತ್ತಾಗುವುದಿಲ್ಲ. ಪಾರ್ಟಿಷನ್ ಅಕ್ಷರಗಳೂ ಗೊತ್ತಾಗುವುದಿಲ್ಲ. ಫೈಲ್‌ಸಿಸ್ಟಂಗೆ ತಾನು ಡಿಯೋ ಇಯೋ ಎಂಬುದು ತಿಳಿದಿರುವುದಿಲ್ಲ. ಅಕ್ಷರ ಇರುವುದು ಲೇಬಲ್‌ನಲ್ಲಿ ಮಾತ್ರ.

ನಕಲು ಸಿಕ್ಕ ಜಾಗ

ಇಲ್ಲಿ ಓಪನ್‌ಬಿಎಸ್‌ಡಿಯ ಒಂದು ಒಳ್ಳೇ ಅಭ್ಯಾಸ ಕೈಹಿಡಿಯಿತು. ಪ್ರತಿ ರಾತ್ರಿ ಓಡುವ ಡೈಲಿ ಸ್ಕ್ರಿಪ್ಟ್, ಸೆಕ್ಯೂರಿಟಿ ಎಂಬ ಇನ್ನೊಂದನ್ನು ಓಡಿಸುತ್ತದೆ. ಅದು ಮೌಂಟ್ ಆಗಿರುವ ಡಿಸ್ಕ್‌ಗಳ ಲೇಬಲ್ ಬದಲಾಗಿದೆಯಾ ಎಂದು ನೋಡುತ್ತದೆ. ಹೋಲಿಸಲು ನಕಲು ಬೇಕಲ್ವಾ? ಅದನ್ನು /ವಾರ್/ಬ್ಯಾಕಪ್ಸ್ ಒಳಗೆ ಇಟ್ಟಿರುತ್ತದೆ. ನಾವು ಏನೂ ಸೆಟ್ ಮಾಡಬೇಕಿಲ್ಲ, ಯಂತ್ರ ರಾತ್ರಿ ಆನ್ ಇದ್ದರೆ ಸಾಕು.

ಹಾಗಾಗಿ ಪೂರ್ತಿ ಲೇಬಲ್ ಊಹಿಸುವ ಕೆಲಸವೇ ಬೇಡ. /ವಾರ್ ಒಂದನ್ನು ತೆರೆದರೆ ಆಯಿತು. ಎಫ್‌ಡಿಸ್ಕ್‌ಗೆ ಮೈನಸ್ ಐ ಕೊಟ್ಟು ಎಂಬಿಆರ್ ಬರೆದೆ, ಎ6 ಮತ್ತೆ 64ರಿಂದ ಶುರುವಾಯಿತು. ಡಿಸ್ಕ್‌ಲೇಬಲ್‌ಗೆ ಮೈನಸ್ ದೊಡ್ಡ ಇ ಕೊಟ್ಟು ಎಡಿಟರ್ ತೆರೆದೆ. ಎ ಕಮಾಂಡ್‌ನಿಂದ ಒಂದೇ ಒಂದು ಪಾರ್ಟಿಷನ್ ಸೇರಿಸಿದೆ: ಶುರು 18874432, ಗಾತ್ರ 20971520. ಪಿ ಒತ್ತಿ ಅಂಕಿ ಮತ್ತೆ ಓದಿದೆ. ಎಡಿಟರ್ ಅಂಕಿಗಳನ್ನು ಬ್ಲಾಕ್ ಅಳತೆಗೆ ಸರಿಸುವುದುಂಟು, ಇಲ್ಲಿ ಸರಿಸಿರಲಿಲ್ಲ. ಡಬ್ಲ್ಯೂ ಒತ್ತಿ ಬರೆದು, ಕ್ಯೂ ಒತ್ತಿ ಹೊರಬಂದೆ.

ಮೌಂಟ್ ಮಾಡಿದ್ದು ಓದಲು ಮಾತ್ರ, ಮೈನಸ್ ಆರ್ ಕೊಟ್ಟು. ಬರೆಯಲೂ ಬಿಟ್ಟು ಮೌಂಟ್ ಮಾಡಿದರೆ ಸೂಪರ್‌ಬ್ಲಾಕ್‌ನಲ್ಲಿದ್ದ ಹಳೇ ಮೌಂಟ್ ಜಾಗದ ಹೆಸರು ಅಳಿಸಿ ಹೊಸದು ಕೂರುತ್ತದೆ. ಇನ್ನೊಮ್ಮೆ ಸ್ಕ್ಯಾನ್ ಮಾಡಬೇಕಾಗಿ ಬಂದರೆ ಆ ಸುಳಿವೇ ಇರುವುದಿಲ್ಲ.

ಬ್ಯಾಕಪ್ಸ್ ಫೋಲ್ಡರ್‌ನಲ್ಲಿ ಎಸ್‌ಡಿ0ರ ಲೇಬಲ್ ಪೂರ್ತಿಯಾಗಿ ಇತ್ತು. ರೂಟ್ 2097152 ಸೆಕ್ಟರ್, ಅಂದರೆ 1 ಜಿಬಿ. ಸ್ವಾಪ್ 8388608, ಅಂದರೆ 4 ಜಿಬಿ. ಎ, ಬಿ, ಡಿ, ಇ ಎಲ್ಲ ಅಕ್ಷರಗಳೂ ಇದ್ದವು. ಸ್ಕ್ಯಾನ್ ಹೇಳಿದ ಪ್ರತಿ ಅಂಕಿಯೂ ಇದರೊಂದಿಗೆ ಹೊಂದಿತು. ಆ ಫೈಲನ್ನು ನನ್ನ ಯಂತ್ರಕ್ಕೆ ತೆಗೆದುಕೊಂಡು, ಮೌಂಟ್ ಬಿಚ್ಚಿ, ಡಿಸ್ಕ್‌ಲೇಬಲ್‌ಗೆ ಮೈನಸ್ ದೊಡ್ಡ ಆರ್ ಕೊಟ್ಟು ಎಸ್‌ಡಿ1ರ ಮೇಲೆ ಬರೆದೆ. ಹೆಕ್ಸ್‌ಡಂಪ್‌ನಲ್ಲಿ ಸೆಕ್ಟರ್ 65 ನೋಡಿದರೆ 57 45 56 82. ಎಷ್ಟು ಖುಷಿಯಾಯಿತು ಅಂದರೆ, ಹುಡುಗನನ್ನು ಕರೆದು ಪರದೆ ತೋರಿಸಿದೆ.

ಫೈಲ್ ಅದೇ ಆದ್ದರಿಂದ ಡಿಯುಐಡಿಯೂ ಮೊದಲಿನದೇ ವಾಪಸ್ ಬಂತು. ಇದು ಲೇಬಲ್ ಒಳಗಿರುವ 8 ಬೈಟ್‌ನ ಗುರುತು, 16 ಹೆಕ್ಸ್ ಅಂಕಿಗಳಾಗಿ ಕಾಣುತ್ತದೆ. 2010ರ ಓಪನ್‌ಬಿಎಸ್‌ಡಿ 4.8ರಲ್ಲಿ ಬಂತು. ಡಿಸ್ಕ್ ಒಂದು ಯಂತ್ರದಲ್ಲಿ ಎಸ್‌ಡಿ0 ಆಗಲಿ ಇನ್ನೊಂದರಲ್ಲಿ ಎಸ್‌ಡಿ1 ಆಗಲಿ, ಯಾವುದು ಎಲ್ಲಿ ಮೌಂಟ್ ಆಗಬೇಕು ಎಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಯುಐಡಿ ಬರೆದಿದ್ದರೆ ಸರಿಯಾದ ಡಿಸ್ಕೇ ಮೌಂಟ್ ಆಗುತ್ತದೆ.

ಫೈಲ್‌ಸಿಸ್ಟಂ ಪರೀಕ್ಷಿಸುವ ಎಫ್‌ಎಸ್‌ಸಿಕೆ ಹಾಕಿದೆ. /ವಾರ್, /ಯುಎಸ್‌ಆರ್, /ಹೋಮ್ ಎಲ್ಲ ಸರಿಯಿದ್ದವು. ರೂಟ್ ವಾಪಸ್ ತರುವ ಪ್ರಯತ್ನ ಮಾಡಲಿಲ್ಲ. ಅದರ ಮೊದಲ ಐನೋಡ್‌ಗಳೇ (ಫೈಲ್‌ಗಳ ವಿವರ ಇರುವ ದಾಖಲೆಗಳು) ಹೋಗಿದ್ದವು, ಶ್ರಮಕ್ಕೆ ತಕ್ಕ ಫಲ ಇರಲಿಲ್ಲ. ಬೇಕಾಗಿದ್ದು /ಇಟಿಸಿ ಒಳಗಿನ ಫೈರ್‌ವಾಲ್ ನಿಯಮಗಳು. ಅವುಗಳ ನಕಲೂ ಅದೇ /ವಾರ್/ಬ್ಯಾಕಪ್ಸ್‌ನಲ್ಲಿ ಇತ್ತು, ಎಫ್‌ಎಸ್‌ಟ್ಯಾಬ್ ಕೂಡ. ಎಲ್ಲ ಎತ್ತಿಟ್ಟುಕೊಂಡು, ಡಿಸ್ಕ್ ಅದರ ಯಂತ್ರಕ್ಕೆ ಹಾಕಿ ಹೊಸ ಆವೃತ್ತಿ ಇನ್‌ಸ್ಟಾಲ್ ಮಾಡಿದೆವು.

ಈ ಇನ್‌ಸ್ಟಾಲ್‌ನಲ್ಲಿ ಲೇಔಟ್ ಪ್ರಶ್ನೆಗೆ ಎ ಅಲ್ಲ, ಸಿ ಒತ್ತಬೇಕು. ಎ ಒತ್ತಿದರೆ ಇನ್‌ಸ್ಟಾಲರ್ ತನ್ನದೇ ಲೇಔಟ್ ಹಾಕುತ್ತದೆ. ಸಿ ಒತ್ತಿದರೆ ಇರುವ ಲೇಬಲ್ ತೋರಿಸುತ್ತದೆ. ಅಲ್ಲಿ ಎನ್ ಕಮಾಂಡ್‌ನಿಂದ ಯಾವುದು ಎಲ್ಲಿ ಮೌಂಟ್ ಆಗಬೇಕು ಎಂದು ಹೇಳುತ್ತಾ ಹೋಗಬೇಕು. ಮೌಂಟ್ ಜಾಗ ಕೊಟ್ಟ ಪ್ರತಿ ಪಾರ್ಟಿಷನ್ನೂ ಫಾರ್ಮ್ಯಾಟ್ ಆಗುತ್ತದೆ. ಕೊಡದಿದ್ದರೆ ಇನ್‌ಸ್ಟಾಲರ್ ಅದನ್ನು ಮುಟ್ಟುವುದಿಲ್ಲ. /ಹೋಮ್‌ಗೆ ಕೊಡಲಿಲ್ಲ. ಇನ್‌ಸ್ಟಾಲ್ ಮುಗಿದ ಮೇಲೆ ಎಫ್‌ಎಸ್‌ಟ್ಯಾಬ್‌ಗೆ ಅದರ ಸಾಲನ್ನು ಕೈಯಾರೆ ಸೇರಿಸಿದೆವು. 2020ರ 6.7ರಿಂದ ಹೊಸ ಫಾರ್ಮ್ಯಾಟ್ ಎಲ್ಲ ಎಫ್‌ಎಫ್‌ಎಸ್2. /ಹೋಮ್ ಮಾತ್ರ ಎಫ್‌ಎಫ್‌ಎಸ್1 ಆಗಿಯೇ ಉಳಿಯಿತು. ಎರಡೂ ಒಂದೇ ಡಿಸ್ಕ್‌ನಲ್ಲಿ ಜೊತೆಗೆ ಓಡುತ್ತವೆ, ತೊಂದರೆ ಇಲ್ಲ.

ಅಧ್ಯಾಯ ಈಗ ಹೇಗಿದೆ

ಅಧ್ಯಾಯದ ಮೊದಲ ಕಮಾಂಡ್ ಎಫ್‌ಡಿಸ್ಕ್ ಆಗಿತ್ತು, ಈಗ ಅಲ್ಲ. ಸಿಸ್‌ಸಿಟಿಎಲ್‌ಗೆ ಎಚ್‌ಡಬ್ಲ್ಯೂ ಡಾಟ್ ಡಿಸ್ಕ್‌ನೇಮ್ಸ್ ಎಂದು ಕೊಟ್ಟರೆ ಎಲ್ಲ ಡಿಸ್ಕ್‌ಗಳ ಹೆಸರು, ಪಕ್ಕದಲ್ಲೇ ಡಿಯುಐಡಿ ಬರುತ್ತದೆ. ಲೇಬಲ್ ಇಲ್ಲದ ಹೊಸ ಡಿಸ್ಕ್‌ನ ಪಕ್ಕ ಖಾಲಿ. ಯಾವುದು ಹಳೇದು, ಯಾವುದು ಹೊಸದು ಎಂದು ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ಓದುಗ ಇದನ್ನು ನೋಡಿ, ತನ್ನ ಡಿಸ್ಕ್ ಹೆಸರನ್ನು ಕಾಗದದ ಮೇಲೆ ಬರೆದುಕೊಂಡೇ ಮುಂದೆ ಹೋಗಬೇಕು. ಅಧ್ಯಾಯದ ಯಾವ ಉದಾಹರಣೆಯಲ್ಲೂ ಎಸ್‌ಡಿ0 ಇಲ್ಲ. ಆ ಜಾಗದಲ್ಲಿ 'ನಿಮ್ಮ ಡಿಸ್ಕ್' ಎಂದಿದೆ. ಕಣ್ಣುಮುಚ್ಚಿ ನಕಲು ಮಾಡಿದರೆ ಕಮಾಂಡ್ ಓಡುವುದೇ ಇಲ್ಲ, ಹಾಗಿರಬೇಕು.

ಲೇಬಲ್‌ನ ಅಕ್ಷರಗಳಿಗೆ ಒಂದು ಪ್ಯಾರಾ. ಎ ರೂಟ್, ಬಿ ಸ್ವಾಪ್, ಸಿ ಇಡೀ ಡಿಸ್ಕ್. ಡಿಯಿಂದ ಮುಂದಿನವು ನಮ್ಮವು. ಡಿಸ್ಕ್‌ನಲ್ಲಿ ವಿಂಡೋಸ್ ಅಥವಾ ಲಿನಕ್ಸ್ ಪಾರ್ಟಿಷನ್ ಇದ್ದರೆ ಅವು ಐಯಿಂದ ಮುಂದೆ ಕಾಣುತ್ತವೆ. ಸಿ ಅನ್ನು ಅಳಿಸಲು ಹೋಗಬೇಡಿ ಎಂದು ಅನೇಕರು ಕಾರಣ ಹೇಳದೆ ಬರೆಯುತ್ತಾರೆ. ಲೇಬಲ್ ಹೋದ ದಿನ ಡಿಸ್ಕ್ ಓದಲು ಉಳಿಯುವ ಬಾಗಿಲು ಅದೊಂದೇ ಎಂಬ ಕಾರಣವನ್ನು ಸೇರಿಸಿದ್ದೇನೆ.

ಇಷ್ಟೊಂದು ಪಾರ್ಟಿಷನ್ ಯಾಕೆ, ಒಂದೇ ರೂಟ್ ಮಾಡಿದರೆ ಆಗದಾ ಎಂದು ಎಲ್ಲರೂ ಕೇಳುತ್ತಾರೆ. ಮೌಂಟ್ ಆಯ್ಕೆಗಳು ಪಾರ್ಟಿಷನ್‌ಗೆ ತಕ್ಕಂತೆ ಬೇರೆಬೇರೆ ಇರುವುದೇ ಇದಕ್ಕೆ ಉತ್ತರ. /ಹೋಮ್ ಮತ್ತು /ಟಿಎಂಪಿಯಲ್ಲಿ ಸೆಟ್‌ಯುಐಡಿ (ಪ್ರೋಗ್ರಾಂ ತನ್ನನ್ನು ಓಡಿಸಿದವರ ಬದಲು ಫೈಲ್ ಒಡೆಯನ ಅಧಿಕಾರದಲ್ಲಿ ಓಡಲಿ ಎಂಬ ಗುರುತು) ಕೆಲಸ ಮಾಡಬಾರದು. ಬರೆಯಲೂ ಓಡಿಸಲೂ ಆಗುವ ಮೆಮೊರಿ ಬೇಕೆನ್ನುವ ಪ್ರೋಗ್ರಾಂಗಳಿಗೆ 2016ರ 6.0ರಿಂದ ವಿಶೇಷ ಅನುಮತಿ ಬೇಕು, ಅದು ಸಿಗುವುದು /ಯುಎಸ್‌ಆರ್/ಲೋಕಲ್‌ಗೆ. ಒಂದೇ ಪಾರ್ಟಿಷನ್ ಮಾಡಿದರೆ ಇದೆಲ್ಲ ಕಳೆದುಹೋಗುತ್ತದೆ. ಇನ್ನೊಂದು ಲಾಭ ಈ ರಿಪೇರಿಯಲ್ಲೇ ಕಂಡಿತು: ಡಿಸ್ಕ್‌ನ ತಲೆ ಹೋದಾಗ ಪೆಟ್ಟು ಬಿದ್ದದ್ದು 1 ಜಿಬಿಯ ರೂಟ್‌ಗೆ ಮಾತ್ರ.

ಕೊನೆಯ ಹೆಜ್ಜೆ, ಇನ್‌ಸ್ಟಾಲ್ ಮುಗಿದು ಮೊದಲ ಬೂಟ್ ಆದ ಕೂಡಲೇ ಮಾಡಬೇಕಾದದ್ದು: ಡಿಸ್ಕ್‌ಲೇಬಲ್ ಮತ್ತು ಎಫ್‌ಡಿಸ್ಕ್ ಎರಡರ ಔಟ್‌ಪುಟ್ ಫೈಲ್‌ಗೆ ಹಾಕಿ ಬೇರೆ ಯಂತ್ರಕ್ಕೆ ಕಳಿಸಿ. ಒಂದು ಪ್ರಿಂಟ್ ತೆಗೆದು ಕ್ಯಾಬಿನೆಟ್ ಮುಚ್ಚಳದ ಒಳಗಡೆ ಅಂಟಿಸಿ. /ವಾರ್/ಬ್ಯಾಕಪ್ಸ್ ಇದೆಯಲ್ಲ ಎಂದು ಕೈಬಿಡಬೇಡಿ, ಅದೂ ಅದೇ ಡಿಸ್ಕ್‌ನಲ್ಲಿದೆ. ನಮ್ಮ ಕೇಸ್‌ನಲ್ಲಿ ಅಳಿಸಿದ್ದು 1 ಎಂಬಿ. 20 ಜಿಬಿ ಅಳಿಸಿದ್ದರೆ ಆ ನಕಲೂ ಹೋಗುತ್ತಿತ್ತು.

ಹೊಸ ಯಂತ್ರಗಳಲ್ಲಿ ಎಂಬಿಆರ್ ಬದಲು ಬರುವ ಜಿಪಿಟಿಯ ಭಾಗ ಇನ್ನೂ ಬರೆಯಬೇಕು. ಅಲ್ಲಿ ಬೂಟ್ ಮಾಡಲು ಬೇಕಾದ ಇಎಫ್‌ಐ ಪಾರ್ಟಿಷನ್ ಮೊದಲು ಬರುವುದರಿಂದ ಓಪನ್‌ಬಿಎಸ್‌ಡಿ ಜಾಗ 64ರಿಂದ ಶುರುವಾಗುವುದಿಲ್ಲ, ಲೇಬಲ್ ಸೆಕ್ಟರ್ 65ರಲ್ಲಿ ಇರುವುದಿಲ್ಲ. ಜಿಪಿಟಿಯ ಎರಡನೇ ಪ್ರತಿ ಡಿಸ್ಕ್‌ನ ಕೊನೆಯಲ್ಲಿ ಇರುತ್ತದೆ, ಲೇಬಲ್‌ಗೆ ಮಾತ್ರ ಅಲ್ಲೂ ಎರಡನೇ ಪ್ರತಿ ಇಲ್ಲ. ಒಂದು ಹಳೇ ಲ್ಯಾಪ್‌ಟಾಪ್ ಡಿಸ್ಕ್ ಎತ್ತಿಟ್ಟಿದ್ದೇನೆ. ಅದರಲ್ಲಿ ಜಿಪಿಟಿ ಇನ್‌ಸ್ಟಾಲ್ ಮಾಡಿ, ಬೇಕಂತಲೇ ತಲೆ ಅಳಿಸಿ, ವಾಪಸ್ ತಂದ ಮೇಲೆ ಆ ಭಾಗ ಬರೆಯುತ್ತೇನೆ. ಅಳಿಸುವ ಕಮಾಂಡ್ ಈ ಸಲವೂ ಆ ಹುಡುಗನೇ ಟೈಪ್ ಮಾಡುತ್ತಾನಂತೆ, ಡಿಸ್ಕ್‌ನೇಮ್ಸ್ ನೋಡಿಕೊಂಡು.